ಸುಧಾರಣಾ ಚಳವಳಿಗಳ ಕಾರಣ ಹುಡುಕುವುದು ಹೇಗೆ? ದಾವಣಗೆರೆ, ಚಿತ್ರದುರ್ಗದ ವಿದ್ಯಾರ್ಥಿಗಳಿಗೆ ಒಂದು ಮಾರ್ಗದರ್ಶಿ

ಪಿಯುಸಿ ಇರಲಿ, ಪದವಿ ಇರಲಿ, ಸ್ಪರ್ಧಾತ್ಮಕ ಪರೀಕ್ಷೆ ಇರಲಿ, ಈ ಪ್ರಶ್ನೆ ತಪ್ಪುವುದಿಲ್ಲ: 19ನೆಯ ಶತಮಾನದಲ್ಲಿ ಹಿಂದೂ ಸಮಾಜದಲ್ಲಿ ಧಾರ್ಮಿಕ ಮತ್ತು ಸಾಮಾಜಿಕ ಸುಧಾರಣಾ ಚಳವಳಿಗಳು ಹುಟ್ಟಲು ಕಾರಣಗಳೇನು? ಗೈಡುಗಳಲ್ಲಿ ಸಿದ್ಧ ಉತ್ತರವೂ ಸಿಗುತ್ತದೆ. ಇಂಗ್ಲಿಷ್ ಶಿಕ್ಷಣ, ಮಿಷನರಿಗಳು, ಪತ್ರಿಕೆ, ರೈಲು, ಮೂಢನಂಬಿಕೆ, ಜಾತಿ ಪದ್ಧತಿ. ಇವನ್ನು ಬಾಯಿಪಾಠ ಮಾಡಿ ಬರೆದರೆ ಪಾಸಾಗಬಹುದು, ವಿಷಯ ಮಾತ್ರ ಕೈಗೆ ಹತ್ತುವುದಿಲ್ಲ. ಜಾತಿ ಪದ್ಧತಿ ನೂರಾರು ವರ್ಷಗಳಿಂದ ಇತ್ತು. ಹಾಗಿದ್ದರೆ ರಾಮಮೋಹನ ರಾಯ್ ಕಟ್ಟಿದ ಬ್ರಹ್ಮಸಭೆ 1828ರಲ್ಲೇ, ಕಲ್ಕತ್ತೆಯಲ್ಲೇ ಯಾಕೆ ಹುಟ್ಟಿತು? ದಾವಣಗೆರೆಯಲ್ಲಿ ಅಂಥ ಅಲೆ ಏಳುವುದಕ್ಕೆ 20ನೆಯ ಶತಮಾನದ ಆರಂಭದವರೆಗೆ ಯಾಕೆ ಕಾಯಬೇಕಾಯಿತು? ಬಂದಾಗಲೂ ಅದು ಮಠ, ಜಯಂತಿ, ಪ್ರಸಾದನಿಲಯಗಳ ರೂಪದಲ್ಲಿ ಬಂದದ್ದೇಕೆ? ಕಾರಣ ಎಂದರೆ ಈ ಪ್ರಶ್ನೆಗಳಿಗೆ ಕೊಡುವ ಉತ್ತರ.

ಕೆಳಗಿನ ಕ್ರಮ ಹತ್ತು ಅಂಕದ ಉತ್ತರಕ್ಕೂ ಆಗುತ್ತದೆ, 15–20 ಪುಟಗಳ ಕಿರುಯೋಜನೆಗೂ ಆಗುತ್ತದೆ. ಉತ್ತರಕ್ಕೆ ಮಾತ್ರ ಬೇಕಿದ್ದವರು ಐದು, ಆರನೆಯ ಹೆಜ್ಜೆ ಬಿಡಬಹುದು.

ಒಂದು: ಹಾಳೆ ಅಡ್ಡ ಹಿಡಿದು ಏಳು ಮನೆ ಹಾಕಿ

ಒಂದು ಎ4 ಹಾಳೆಯಲ್ಲಿ ಏಳು ಕಂಬಸಾಲು ಎಳೆಯಿರಿ: ವರ್ಷ, ಊರು, ವ್ಯಕ್ತಿ ಅಥವಾ ಸಂಸ್ಥೆ, ನೋವು, ಒತ್ತಡ, ಸಾಧನ, ವಿರೋಧಿಸಿದವರು.

‘ನೋವು’ ಎಂದರೆ ಸಮಾಜದೊಳಗೆ ಮೊದಲೇ ಇದ್ದ ಅನ್ಯಾಯ. ‘ಒತ್ತಡ’ ಎಂದರೆ ಅದನ್ನು ಇನ್ನು ಸಹಿಸಲಾಗದು ಎನ್ನುವಂತೆ ಮಾಡಿದ ಹೊಸ ಸನ್ನಿವೇಶ. ‘ಸಾಧನ’ ಎಂದರೆ ಒಬ್ಬರ ಅಸಮಾಧಾನ ಸಾವಿರ ಜನಕ್ಕೆ ತಲುಪಲು ಒದಗಿದ ದಾರಿ: ಮುದ್ರಣ, ಶಾಲೆ, ಅಂಚೆ, ರೈಲು, ನ್ಯಾಯಾಲಯ. ಸಿದ್ಧ ಉತ್ತರಗಳಲ್ಲಿ ಆಗುವ ದೊಡ್ಡ ಎಡವಟ್ಟೆಂದರೆ ಈ ಮೂರನ್ನೂ ‘ಕಾರಣಗಳು’ ಎಂದು ಒಂದೇ ಸಾಲಿನಲ್ಲಿ ನಿಲ್ಲಿಸುವುದು. ರೈಲು ಯಾರನ್ನೂ ಸುಧಾರಕರನ್ನಾಗಿ ಮಾಡಲಿಲ್ಲ. ಸುಧಾರಕರು ಊರೂರು ತಿರುಗಲು ಅದು ನೆರವಾಯಿತು, ಅಷ್ಟೇ.

ಒಂದು ಸಾಲು ತುಂಬಿ ನೋಡೋಣ. 1829, ಕಲ್ಕತ್ತೆ, ರಾಮಮೋಹನ ರಾಯ್ ಮತ್ತು ಗವರ್ನರ್ ಜನರಲ್ ಬೆಂಟಿಂಕ್. ನೋವು: ಸತಿ. ಬಂಗಾಳ ಪ್ರಾಂತದಲ್ಲಿ 1815ರಿಂದ 1828ರವರೆಗೆ ಸರ್ಕಾರಿ ಲೆಕ್ಕಕ್ಕೆ ಸಿಕ್ಕ ಪ್ರಕರಣಗಳೇ ಸುಮಾರು 8 ಸಾವಿರ. ಒತ್ತಡ: ಆ ಲೆಕ್ಕವೇ ಒಂದು ಒತ್ತಡ. ಪೊಲೀಸರು ವರ್ಷವರ್ಷವೂ ಎಣಿಸಿ ವರದಿ ಮಾಡತೊಡಗಿದ ಮೇಲೆ ಕಣ್ಣು ಮುಚ್ಚಿಕೊಂಡು ಕೂರುವುದು ಸರ್ಕಾರಕ್ಕೆ ಕಷ್ಟವಾಯಿತು. 1813ರ ಚಾರ್ಟರ್ ಕಾಯಿದೆಯಿಂದ ಒಳಬರಲು ಅವಕಾಶ ಸಿಕ್ಕ ಮಿಷನರಿಗಳ ಟೀಕೆಯೂ ಜೊತೆಗೂಡಿತು. ಸಾಧನ: ರಾಮಮೋಹನರು ಬಂಗಾಳಿಯಲ್ಲಿ, ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ ಕಿರುಹೊತ್ತಗೆಗಳು ಮತ್ತು ಪತ್ರಿಕೆ. ವಿರೋಧಿಸಿದವರು: ರಾಧಾಕಾಂತ ದೇವ್ ಮೊದಲಾದವರು 1830ರಲ್ಲಿ ಕಟ್ಟಿದ ಧರ್ಮಸಭೆ. ನಿಷೇಧದ ವಿರುದ್ಧ ಅವರು ಅಂದಿನ ಕೊನೆಯ ಮೇಲ್ಮನವಿ ನ್ಯಾಯಾಲಯವಾದ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋದರು. 1832ರಲ್ಲಿ ಅವರ ಮನವಿ ವಜಾ ಆಯಿತು.

ಇಂಥ ಎಂಟು ಸಾಲು ಸಾಕು, ಹತ್ತು ಮೀರಬೇಡಿ. ಕೊನೆಯ ಮನೆಯನ್ನು ಮಾತ್ರ ಖಾಲಿ ಬಿಡಲೇಬೇಡಿ. ಯಾರು ವಿರೋಧಿಸಿದರು, ಏನು ವಾದ ಹೂಡಿದರು ಎಂಬುದು ತಿಳಿದರೆ ಆ ಪದ್ಧತಿಯಿಂದ ಯಾರಿಗೆ ಲಾಭವಿತ್ತು ಎಂಬುದೂ ತಿಳಿಯುತ್ತದೆ.

ಎರಡು: ನೋವು ಯಾರದು ಎಂದು ಕೇಳಿ

ಹೆಚ್ಚು ಸಮಯ ಕೊಡಬೇಕಾದ ಹೆಜ್ಜೆ ಇದು. ‘ಹಿಂದೂ ಸ್ತ್ರೀಯರ ಸ್ಥಿತಿ ಶೋಚನೀಯವಾಗಿತ್ತು’ ಎಂಬ ವಾಕ್ಯ ನೂರಾರು ಉತ್ತರಪತ್ರಿಕೆಗಳಲ್ಲಿ ಕಾಣುತ್ತದೆ. ಯಾವ ಸ್ತ್ರೀ, ಯಾವ ಜಾತಿ, ಯಾವ ಸೀಮೆ ಎಂದು ಕೇಳಿದರೆ ಉತ್ತರವಿರುವುದಿಲ್ಲ.

ವಿಧವೆಯರ ವಿಚಾರವನ್ನೇ ತೆಗೆದುಕೊಳ್ಳಿ. ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ಮರುಮದುವೆ ನಿಷೇಧಿಸುವುದು ಮುಖ್ಯವಾಗಿ ಮೇಲ್ಜಾತಿಗಳ ಕಟ್ಟಳೆ. ನಮ್ಮ ಬಯಲುಸೀಮೆಯ ಹಲವು ಸಮುದಾಯಗಳಲ್ಲಿ ಗಂಡ ಸತ್ತವರಿಗೆ ಅಥವಾ ಗಂಡನನ್ನು ಬಿಟ್ಟವರಿಗೆ ‘ಕೂಡಿಕೆ’, ‘ಸೀರೆ ಉಡಿಕೆ’ಯ ಮೂಲಕ ಇನ್ನೊಂದು ಸಂಸಾರ ಕಟ್ಟಿಕೊಳ್ಳಲು ದಾರಿಯಿತ್ತು. ಮೊದಲ ಮದುವೆಯಷ್ಟು ಮರ್ಯಾದೆ ಅದಕ್ಕಿರಲಿಲ್ಲ, ಬಾಳು ಮಾತ್ರ ನಿಲ್ಲುತ್ತಿರಲಿಲ್ಲ. ಹಾಗಾಗಿ ಈಶ್ವರಚಂದ್ರ ವಿದ್ಯಾಸಾಗರರ ಹೋರಾಟದಿಂದ 1856ರಲ್ಲಿ ಬಂದ ವಿಧವಾ ಪುನರ್ವಿವಾಹ ಕಾಯಿದೆ ಎಲ್ಲ ಹೆಂಗಸರಿಗೂ ಒಂದೇ ಬಗೆಯ ಬಿಡುಗಡೆಯಾಗಿರಲಿಲ್ಲ. ಮರುಮದುವೆಯಾದವಳು ಸತ್ತ ಗಂಡನ ಆಸ್ತಿಯ ಹಕ್ಕು ಬಿಡಬೇಕೆಂಬ ಷರತ್ತು ಅದರಲ್ಲೇ ಇತ್ತು. ಮೊದಲಿನಿಂದಲೂ ರೂಢಿಯಲ್ಲಿ ಮರುಮದುವೆ ಇದ್ದ ಜಾತಿಗಳ ಹೆಂಗಸರಿಗೂ ಆ ಷರತ್ತು ಹತ್ತುತ್ತದೆಯೇ ಎಂಬ ಬಗ್ಗೆ ಮುಂದೆ ನ್ಯಾಯಾಲಯಗಳೇ ಬೇರೆ ಬೇರೆ ತೀರ್ಪು ಕೊಟ್ಟವು.

ಇದರ ಮಗ್ಗುಲಲ್ಲೇ ಇನ್ನೊಂದು ನೋವಿದೆ. ‘ಬಸವಿ ಬಿಡುವುದು’, ಅಂದರೆ ಹೆಣ್ಣುಮಗಳನ್ನು ದೇವರ ಹೆಸರಿಗೆ ಬಿಡುವುದು, ಬಳ್ಳಾರಿ, ಚಿತ್ರದುರ್ಗ ಭಾಗದಲ್ಲಿ ದಲಿತ ಮತ್ತು ಕೆಲ ಹಿಂದುಳಿದ ಸಮುದಾಯಗಳ ಹೆಣ್ಣುಮಕ್ಕಳ ಮೇಲೆ ಬಿದ್ದ ಹೊರೆ. ಕಲ್ಕತ್ತೆಯ, ಮುಂಬಯಿಯ ಮೊದಲ ತಲೆಮಾರಿನ ಸುಧಾರಕರ ಪಟ್ಟಿಯಲ್ಲಿ ಇದು ಕಾಣುವುದಿಲ್ಲ, ಯಾಕೆಂದರೆ ಅದು ಅವರ ಮನೆಯ ನೋವಾಗಿರಲಿಲ್ಲ. ಮೈಸೂರು ಸರ್ಕಾರ 1909ರಲ್ಲಿ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿ ಸೇವೆ ನಿಲ್ಲಿಸಿತು. ಊರ ದೇವತೆಯ ಎಷ್ಟೋ ಗುಡಿಗಳು ಮುಜರಾಯಿಯ ಕೈಕೆಳಗೆ ಇರಲಿಲ್ಲವಾದ್ದರಿಂದ ಅಲ್ಲಿ ಪದ್ಧತಿ ಮುಂದುವರಿಯಿತು. ಕರ್ನಾಟಕದಲ್ಲಿ ದೇವದಾಸಿ ಸಮರ್ಪಣೆಯನ್ನೇ ಅಪರಾಧವೆಂದ ಕಾಯಿದೆ ಬಂದದ್ದು 1982ರಲ್ಲಿ. ಚಳವಳಿಗೆ ನೋವೊಂದೇ ಸಾಲದು, ಆ ನೋವುಂಡವರಿಗೆ ಅಥವಾ ಅವರ ಹತ್ತಿರದವರಿಗೆ ಅಕ್ಷರ, ಅಚ್ಚು, ಅಧಿಕಾರದ ಬಾಗಿಲು ತೆರೆದಿರಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಸಿಗಲಾರದು.

ಜ್ಯೋತಿಬಾ ಫುಲೆ ಇದೇ ಕಾರಣಕ್ಕೆ ಬೇರೆಯಾಗಿ ನಿಲ್ಲುತ್ತಾರೆ. ಅವರೂ ಸಾವಿತ್ರಿಬಾಯಿಯವರೂ 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. 1873ರಲ್ಲಿ ಹುಟ್ಟಿದ ಸತ್ಯಶೋಧಕ ಸಮಾಜ ಪುರೋಹಿತರಿಲ್ಲದೆ ಮದುವೆ ಮಾಡಿಸಿತು. ಕೇರಳದ ನಾರಾಯಣ ಗುರುಗಳು 1888ರಲ್ಲಿ ಅರುವಿಪ್ಪುರಂನಲ್ಲಿ ಶಿವಲಿಂಗ ಪ್ರತಿಷ್ಠಾಪಿಸಿದಾಗ, ಪ್ರತಿಷ್ಠೆಯ ಹಕ್ಕು ಹುಟ್ಟಿನಿಂದ ಬರುತ್ತದೆ ಎಂಬ ನಂಬಿಕೆಯ ಬುಡಕ್ಕೇ ಪೆಟ್ಟು ಬಿತ್ತು. ಇವರನ್ನು ರಾಮಮೋಹನ, ಮುಂಬಯಿಯ ಸುಧಾರಕ ರಾನಡೆಯವರ ಜೊತೆ ಒಂದೇ ಗಂಟಿನಲ್ಲಿ ಕಟ್ಟಬೇಡಿ. ಒಬ್ಬರು ತಮ್ಮ ಮನೆಯನ್ನು ಒಳಗಿನಿಂದ ತಿದ್ದಲು ಹೊರಟವರು, ಇನ್ನೊಬ್ಬರು ಬಾಗಿಲ ಹೊರಗೆ ನಿಲ್ಲಿಸಲ್ಪಟ್ಟವರು. ಕಾರಣ ಬೇರೆ, ದಾರಿಯೂ ಬೇರೆ.

ಮೂರು: ಪ್ರತಿ ಕಾರಣಕ್ಕೂ ಮೂರು ಪರೀಕ್ಷೆ

ಕಾಲ: ಕಾರಣ ಎಂದು ನೀವು ಬರೆದದ್ದು ಚಳವಳಿಗಿಂತ ಮುಂಚೆ ಇತ್ತೇ?
ಸ್ಥಳ: ಅದು ಇದ್ದ ಕಡೆಯಲ್ಲೆಲ್ಲ ಚಳವಳಿ ಆಯಿತೇ? ಇಲ್ಲದ ಕಡೆಯೂ ಆಯಿತೇ?
ವ್ಯಕ್ತಿ: ಆ ಸುಧಾರಕರ ಕೈಗೆ ಅದು ನಿಜವಾಗಿ ತಲುಪಿತ್ತೇ?

‘ಇಂಗ್ಲಿಷ್ ಶಿಕ್ಷಣವೇ ಕಾರಣ’ ಎಂಬುದನ್ನು ಈ ಮೂರಕ್ಕೆ ಒಡ್ಡಿ. ರಾಮಮೋಹನರು ವಿಗ್ರಹಾರಾಧನೆಯನ್ನು ಪ್ರಶ್ನಿಸಿ ಪಾರ್ಸಿ ಭಾಷೆಯಲ್ಲಿ ‘ತುಹ್ಫತ್-ಉಲ್-ಮುವಾಹಿದ್ದೀನ್’ ಬರೆದದ್ದು 1803–04ರ ಹೊತ್ತಿಗೆ. ಕಲ್ಕತ್ತೆಯ ಹಿಂದೂ ಕಾಲೇಜು ತೆರೆದದ್ದು 1817ರಲ್ಲಿ, ಇಂಗ್ಲಿಷ್ ಶಿಕ್ಷಣಕ್ಕೆ ಒತ್ತು ಕೊಟ್ಟ ಮೆಕಾಲೆಯ ಟಿಪ್ಪಣಿ ಬಂದದ್ದು 1835ರಲ್ಲಿ, ಅಂದರೆ ರಾಮಮೋಹನರು ತೀರಿಕೊಂಡ ಎರಡು ವರ್ಷದ ಮೇಲೆ. ಅವರ ಏಕದೇವ ವಿಚಾರಕ್ಕೆ ಮೊದಲ ಬೀಜ ಅರಬ್ಬಿ–ಪಾರ್ಸಿ ಓದು ಮತ್ತು ಉಪನಿಷತ್ತುಗಳಿಂದ ಬಂತು. ಇಂಗ್ಲಿಷ್ ಆಮೇಲೆ ಕೂಡಿಕೊಂಡಿತು. ದಯಾನಂದ ಸರಸ್ವತಿಯವರು ಇಂಗ್ಲಿಷ್ ಕಲಿತವರೇ ಅಲ್ಲ. ಮಥುರೆಯಲ್ಲಿ ವಿರಜಾನಂದರ ಬಳಿ ಸಂಸ್ಕೃತ ವ್ಯಾಕರಣ ಓದಿದ ಸಂನ್ಯಾಸಿ, 1875ರಲ್ಲಿ ಮುಂಬಯಿಯಲ್ಲಿ ಆರ್ಯಸಮಾಜ ಕಟ್ಟಿದರು. ನಾರಾಯಣ ಗುರುಗಳದೂ ಸಂಸ್ಕೃತದ ಓದು. ಅತ್ತ ಫುಲೆಯವರು ಓದಿದ್ದು ಸ್ಕಾಟಿಷ್ ಮಿಷನ್ ಶಾಲೆಯಲ್ಲಿ, ಥಾಮಸ್ ಪೇನ್‌ನ ಬರಹ ಅವರ ಮೇಲೆ ನೇರ ಪ್ರಭಾವ ಬೀರಿತು.

ಇಷ್ಟು ನೋಡಿದ ಮೇಲೆ ನಿಮ್ಮ ವಾಕ್ಯ ಬದಲಾಗುತ್ತದೆ: ‘ಕೆಲವು ಚಳವಳಿಗಳಿಗೆ ಇಂಗ್ಲಿಷ್ ಶಿಕ್ಷಣ ಪ್ರೇರಣೆಯಾಯಿತು, ಉಳಿದವುಗಳಲ್ಲಿ ಸ್ವಂತ ಪರಂಪರೆಯ ಮರುಓದು ಆ ಕೆಲಸ ಮಾಡಿತು’. ಉದಾಹರಣೆ ಸಮೇತ ಈ ಒಂದು ವಾಕ್ಯ ಬರೆದರೆ ಮೌಲ್ಯಮಾಪಕರು ನಿಮ್ಮ ಉತ್ತರವನ್ನು ಬೇರೆ ಕಣ್ಣಿನಿಂದ ನೋಡುತ್ತಾರೆ.

ಮಿಷನರಿಗಳು, ಮುದ್ರಣ, ಪೌರ್ವಾತ್ಯ ವಿದ್ವಾಂಸರು, ಹೊಸ ಮಧ್ಯಮ ವರ್ಗ ಇವನ್ನೂ ಹೀಗೆಯೇ ಒರೆಗೆ ಹಚ್ಚಿ. ಒಂದಕ್ಕೆ ಹತ್ತು ನಿಮಿಷ ಸಾಕು.

ನಾಲ್ಕು: ಕಾನೂನು ಯಾವ ಸರ್ಕಾರದ್ದು?

ನಮ್ಮ ಭಾಗದವರು ತಪ್ಪುವುದು ಇಲ್ಲಿಯೇ. ಬ್ರಿಟಿಷ್ ಇಂಡಿಯಾದ ಕಾಯಿದೆಗಳು ಮೈಸೂರು ಸಂಸ್ಥಾನಕ್ಕೆ ತಾವಾಗಿಯೇ ಅನ್ವಯವಾಗುತ್ತಿರಲಿಲ್ಲ. 1831ರಿಂದ 1881ರವರೆಗೆ ಮೈಸೂರು ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು, ಆಮೇಲೆ ಮತ್ತೆ ಒಡೆಯರ ಕೈಗೆ ಬಂತು. ದಾವಣಗೆರೆ, ಹರಿಹರ, ಜಗಳೂರು, ಹೊಳಲ್ಕೆರೆ, ಚಳ್ಳಕೆರೆ ಎಲ್ಲ ಮೈಸೂರಿನ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದವು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಅದಕ್ಕೆ ಸೇರಿ ಈಗ ಬೇರೆಯಾಗಿರುವ ಹರಪನಹಳ್ಳಿ ಅಂದು ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿತ್ತು.

ಇದರ ಪರಿಣಾಮ ನೋಡಿ. ಮೈಸೂರು ಸಂಸ್ಥಾನ 1894ರಲ್ಲೇ ಶಿಶುವಿವಾಹ ತಡೆಗೆ ಕಾನೂನು ಮಾಡಿತು. 8 ವರ್ಷದೊಳಗಿನ ಹುಡುಗಿಯ ಮದುವೆಯನ್ನೂ, 50 ದಾಟಿದ ಗಂಡಸು 14ರೊಳಗಿನ ಹುಡುಗಿಯನ್ನು ಮದುವೆಯಾಗುವುದನ್ನೂ ಅದು ತಡೆಯಿತು. ಬ್ರಿಟಿಷ್ ಇಂಡಿಯಾದಲ್ಲಿ ಮದುವೆಯ ವಯಸ್ಸನ್ನೇ ನಿಗದಿ ಮಾಡಿದ ಶಾರದಾ ಕಾಯಿದೆ ಬಂದದ್ದು 1929ರಲ್ಲಿ: ಹುಡುಗಿಗೆ 14, ಹುಡುಗನಿಗೆ 18. ಮೊದಲು ಹೆಜ್ಜೆಯಿಟ್ಟದ್ದು ಮೈಸೂರು, ಎತ್ತರದ ಮಿತಿ ಹಾಕಿದ್ದು ಬ್ರಿಟಿಷ್ ಇಂಡಿಯಾ. ಹರಪನಹಳ್ಳಿಯ ಹುಡುಗಿಯೂ ದಾವಣಗೆರೆಯ ಹುಡುಗಿಯೂ ಬೇರೆ ಬೇರೆ ಕಾನೂನಿನ ಅಡಿಯಲ್ಲಿ ಬೆಳೆದರು. ಆದ್ದರಿಂದ ‘ಭಾರತದಾದ್ಯಂತ ಜಾರಿಯಾಯಿತು’ ಎಂದು ಬರೆಯುವ ಮುನ್ನ ಆ ಊರು ಆಗ ಯಾರ ಆಳ್ವಿಕೆಯಲ್ಲಿತ್ತು ನೋಡಿಕೊಳ್ಳಿ.

ಐದು: ನಮ್ಮ ಜಿಲ್ಲೆಯ ಸಾಲು ತುಂಬಿ

ಇಲ್ಲಿ ಬ್ರಹ್ಮಸಮಾಜವನ್ನೋ ಆರ್ಯಸಮಾಜವನ್ನೋ ಹುಡುಕುತ್ತ ಕೂತರೆ ಕೈಗೆ ಹೆಚ್ಚೇನೂ ಸಿಗದು. ಹುಡುಕಬೇಕಾದ ಕಡೆ ಬೇರೆ ಇದೆ.

12ನೆಯ ಶತಮಾನದ ಶರಣರು ಕಾಯಕ, ದಾಸೋಹ, ಹುಟ್ಟಿನ ಮೇಲುಕೀಳಿನ ನಿರಾಕರಣೆಯ ಮಾತನ್ನು ಕನ್ನಡದಲ್ಲೇ ಆಡಿ ಹೋಗಿದ್ದರು. ಬಂಗಾಳದ ಸುಧಾರಕರು ಉಪನಿಷತ್ತಿಗೆ, ದಯಾನಂದರು ವೇದಕ್ಕೆ ಹಿಂದಿರುಗಿದಂತೆ ನಮ್ಮವರು ವಚನಗಳಿಗೆ ಹಿಂದಿರುಗಿದರು. ಬನವಾಸಿಯಲ್ಲಿ ಹುಟ್ಟಿದ ಹರ್ಡೇಕರ್ ಮಂಜಪ್ಪನವರು 1906ರಲ್ಲಿ ದಾವಣಗೆರೆಯಿಂದ ‘ಧನುರ್ಧಾರಿ’ ಪತ್ರಿಕೆ ಹೊರಡಿಸಿದರು. ವಿರಕ್ತಮಠದ ಮೃತ್ಯುಂಜಯ ಅಪ್ಪಗಳ ಜೊತೆಗೂಡಿ 1913ರಲ್ಲಿ ಇಲ್ಲಿ ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸಿದರು. ಇಂದು ಊರೂರಲ್ಲಿ ನಡೆಯುವ ಜಯಂತಿಯ ಆರಂಭ ಅದು. ಸಾಧನದ ಮನೆಯಲ್ಲಿ ಬರೆಯಿರಿ: ಪತ್ರಿಕೆ, ಮಠ, ಸಾರ್ವಜನಿಕ ಉತ್ಸವ. ಮಹಾರಾಷ್ಟ್ರದಲ್ಲಿ ಗಣೇಶೋತ್ಸವ ಅದಾಗಲೇ ಬೀದಿಗೆ ಬಂದಿತ್ತು ಎಂಬುದನ್ನೂ ಗಮನಿಸಿ.

ಒತ್ತಡದ ಮನೆಯಲ್ಲಿ ಏನು ಬರೆಯಬೇಕು? ಮಿಷನರಿಗಳ ಟೀಕೆಗಿಂತ ಹೆಚ್ಚಾಗಿ ಇಲ್ಲಿ ದೂಡಿದ್ದು ಶಿಕ್ಷಣ ಮತ್ತು ಸರ್ಕಾರಿ ನೌಕರಿಯಲ್ಲಿನ ಅಂತರ. ವೀರಶೈವ ಮಹಾಸಭೆ 1904ರಲ್ಲಿ, ಒಕ್ಕಲಿಗರ ಸಂಘ 1906ರಲ್ಲಿ, ಪ್ರಜಾಮಿತ್ರ ಮಂಡಳಿ 1917ರಲ್ಲಿ ಹುಟ್ಟಿದವು. ಸರ್ಕಾರಿ ನೌಕರಿಯಲ್ಲಿ ಹಿಂದುಳಿದವರಿಗೆ ಪಾಲು ಸಿಗುವುದು ಹೇಗೆಂದು ನೋಡಲು 1918ರಲ್ಲಿ ಮೈಸೂರು ಸರ್ಕಾರ ಮಿಲ್ಲರ್ ಸಮಿತಿ ನೇಮಿಸಿತು. ಹಳ್ಳಿಯ ಹುಡುಗ ಪಟ್ಟಣಕ್ಕೆ ಬಂದರೆ ಶಾಲೆಗಿಂತ ಮೊದಲು ಎದುರಾಗುತ್ತಿದ್ದ ಪ್ರಶ್ನೆ ಉಣ್ಣುವುದೆಲ್ಲಿ, ಮಲಗುವುದೆಲ್ಲಿ ಎಂಬುದು. ಇನ್ನೊಬ್ಬರ ಮನೆಯಲ್ಲಿ ಎಲೆ ಹಾಕಿಸಿಕೊಳ್ಳಲು ಜಾತಿ ಅಡ್ಡ ಬರುತ್ತಿತ್ತು. ಚಿತ್ರದುರ್ಗದ ಮುರುಘಾಮಠದ ಜಯದೇವ ಜಗದ್ಗುರುಗಳು ಹಲವು ಊರುಗಳಲ್ಲಿ ಉಚಿತ ಪ್ರಸಾದನಿಲಯ ತೆರೆಸಿದ್ದನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಮುಂದೆ ಸಿರಿಗೆರೆಯ ಶಿವಕುಮಾರ ಶಿವಾಚಾರ್ಯರು ಹಳ್ಳಿಗಳಿಗೇ ಹೈಸ್ಕೂಲು ಒಯ್ದದ್ದು, 1950ರಲ್ಲಿ ಜಗಳೂರಿನಿಂದ ತರಳಬಾಳು ಹುಣ್ಣಿಮೆ ಆರಂಭಿಸಿದ್ದು ಇದೇ ಎಳೆಯ ಮುಂದುವರಿಕೆ. ಅಸ್ಪೃಶ್ಯತೆಯ ಎಳೆ ಹಿಡಿಯುವವರು 1934ರ ಹರಿಜನ ಪ್ರವಾಸದಲ್ಲಿ ಗಾಂಧೀಜಿ ದಾವಣಗೆರೆಗೆ ಬಂದದ್ದರಿಂದ ಹಿಡಿದು, ಹರಿಹರದಲ್ಲಿ ಹುಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು ಮುನ್ನಡೆಸಿದ ದಲಿತ ಸಂಘರ್ಷ ಸಮಿತಿಯವರೆಗೆ ಬರಬೇಕು. ಗಾಂಧೀಜಿಯ ಹೆಸರಿಗೆ ನಿಲ್ಲಿಸಿದರೆ ಅರ್ಧ ಚರಿತ್ರೆ ಬಿಟ್ಟಂತೆ.

ಒಂದು ಎಚ್ಚರಿಕೆ. ‘ಹಿಂದೂ ಸಮಾಜದ ಸುಧಾರಣೆ’ ಎಂಬ ತಲೆಬರಹದ ಕೆಳಗೆ ಶರಣ ಪರಂಪರೆಯನ್ನು ತರುವಾಗ ಲಿಂಗಾಯತ ಧರ್ಮದ ಪ್ರತ್ಯೇಕತೆಯ ಚರ್ಚೆ ಇದೆ ಎಂಬುದನ್ನು ಒಂದು ವಾಕ್ಯದಲ್ಲಿ ಹೇಳಿ. ಆಯಾ ಕಾಲದವರು ತಮ್ಮನ್ನು ಏನೆಂದು ಕರೆದುಕೊಂಡರೋ ಆ ಪದವನ್ನೇ ಬಳಸಿ. ಇಂದಿನ ವಾದವನ್ನು 1913ರವರ ಬಾಯಲ್ಲಿ ಹಾಕಬೇಡಿ.

ಆರು: ಊರಿಗೆ ಹೋಗಿ ನೋಡುವುದು, ಕೇಳುವುದು

ಹಳೆಯ ಇಂಗ್ಲಿಷ್ ದಾಖಲೆಗಳಲ್ಲಿ ಚಿತ್ರದುರ್ಗದ ಹೆಸರು ‘ಚಿತಲ್‌ದ್ರೂಗ್’ ಎಂದಿದೆ. ಇವತ್ತಿನ ಹೆಸರಿನಿಂದ ಹುಡುಕಿದರೆ ಬಹಳಷ್ಟು ಸಿಗುವುದೇ ಇಲ್ಲ. ಶಾಸನತಜ್ಞ ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 11ನೆಯ ಸಂಪುಟ ಈ ಜಿಲ್ಲೆಯ ಶಾಸನಗಳದ್ದು. ಮೈಸೂರು ಜನಗಣತಿ ವರದಿಗಳಲ್ಲಿ ವಯಸ್ಸು ಮತ್ತು ವೈವಾಹಿಕ ಸ್ಥಿತಿಯ ಕೋಷ್ಟಕ ತೆರೆದು 15 ವರ್ಷದೊಳಗಿನ ‘ವಿಧವೆ’ಯರ ಸಾಲು ನೋಡಿ. ಬಾಲ್ಯವಿವಾಹದ ಬಗ್ಗೆ ಯಾವ ಪ್ಯಾರಾಗ್ರಾಫೂ ಹೇಳದಷ್ಟನ್ನು ಆ ಸಂಖ್ಯೆಗಳು ಹೇಳುತ್ತವೆ. ಎರಡು ಗಣತಿಗಳನ್ನು ಹೋಲಿಸುವಾಗ ಜಿಲ್ಲೆಯ ಗಡಿ ಬದಲಾಗಿದೆಯೇ, ಜಾತಿಗಳನ್ನು ಅದೇ ರೀತಿ ಗುಂಪು ಮಾಡಿದ್ದಾರೆಯೇ ಪರೀಕ್ಷಿಸಿ.

ಊರ ಹೊರಗೆ, ಕೆರೆ ಏರಿಯ ಬಳಿ ಮಾಸ್ತಿಕಲ್ಲು, ಅಂದರೆ ಸತಿ ಹೋದವಳ ನೆನಪಿಗೆ ನೆಟ್ಟ ಕಲ್ಲು, ಕಂಡೀತು. ಕಂಬದಿಂದ ಹೊರಟು ಮೊಣಕೈಯಲ್ಲಿ ಮಡಚಿ ಮೇಲೆತ್ತಿದ ಬಳೆ ತೊಟ್ಟ ಕೈ ಇದ್ದರೆ ಅದು ಮಾಸ್ತಿಯದು. ಫೋಟೊ ತೆಗೆಯಲು ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲೇ ಸರಿ. ನಡುಹಗಲಲ್ಲಿ ಕೆತ್ತನೆ ಏಳುವುದಿಲ್ಲ. ಅಕ್ಷರ ಕಾಣಲೆಂದು ಸುಣ್ಣ, ಸೀಮೆಸುಣ್ಣ ಹಚ್ಚಬೇಡಿ, ಕಲ್ಲು ಹಾಳಾಗುತ್ತದೆ. ಈ ಕಲ್ಲುಗಳಲ್ಲಿ ಹೆಚ್ಚಿನವು 19ನೆಯ ಶತಮಾನಕ್ಕಿಂತ ಬಹಳ ಹಿಂದಿನವು. ಕಲ್ಲು ಸಿಕ್ಕಿತೆಂದು ‘ನಮ್ಮೂರಲ್ಲಿ 1829ರವರೆಗೂ ಸತಿ ನಡೆಯುತ್ತಿತ್ತು’ ಎಂದು ತೀರ್ಮಾನಿಸಿದರೆ ಕಾಲದ ಪರೀಕ್ಷೆಯಲ್ಲೇ ಬಿದ್ದುಹೋಗುತ್ತೀರಿ.

ಹಿರಿಯರನ್ನು ಮಾತಾಡಿಸಲು ಆರರಿಂದ ಎಂಟು ಜನ ಸಾಕು. ಅರ್ಧದಷ್ಟಾದರೂ ಹೆಂಗಸರಿರಲಿ, ಒಂದೇ ಕೇರಿಯವರು ಬೇಡ. ಒಬ್ಬರಿಗೆ 45 ನಿಮಿಷ ಮೀರಬೇಡಿ. ಮೊಬೈಲಿನಲ್ಲಿ ಧ್ವನಿ ಹಿಡಿಯುವ ಮುನ್ನ ‘ಅಜ್ಜಿ, ರೆಕಾರ್ಡ್ ಮಾಡಿಕೊಳ್ಳಲಾ?’ ಎಂದು ಕೇಳಿ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಇಲ್ಲದಿದ್ದರೆ ಮುಖ್ಯ ಮಾತಿನ ನಡುವೆಯೇ ಕರೆ ಬರುತ್ತದೆ. ‘ನಿಮ್ಮಲ್ಲಿ ಮೂಢನಂಬಿಕೆ ಇತ್ತಾ?’ ಎಂದು ಕೇಳಿದರೆ ಯಾರೂ ಹೌದೆನ್ನುವುದಿಲ್ಲ. ‘ನಿಮ್ಮ ಮದುವೆ ಆದಾಗ ಮಳೆಯೋ ಸುಗ್ಗಿಯೋ?’, ‘ನೀರು ಎಲ್ಲಿಂದ ತರುತ್ತಿದ್ದಿರಿ, ಆ ಬಾವಿಗೆ ಯಾರು ಬರುತ್ತಿರಲಿಲ್ಲ?’, ‘ಮನೆಯಲ್ಲಿ ಮೊದಲು ಶಾಲೆಗೆ ಹೋದ ಹೆಣ್ಣುಮಗಳು ಯಾರು, ಬೇಡ ಎಂದವರು ಯಾರು?’ ಎಂದು ಕೇಳಿ. ಚಳ್ಳಕೆರೆ, ಹಿರಿಯೂರು ಕಡೆಯ ಗೊಲ್ಲರಹಟ್ಟಿಗಳಿಗೆ ಹೋದರೆ ಮುಟ್ಟಿನ ಮತ್ತು ಬಾಣಂತನದ ಸೂತಕ ಕಟ್ಟಳೆಯ ಬಗ್ಗೆ ಹೆಣ್ಣುಮಕ್ಕಳೇ ಹೆಣ್ಣುಮಕ್ಕಳನ್ನು ಕೇಳಲಿ. ಗಂಡಸರ ಎದುರು ಬರುವ ಉತ್ತರ ಬೇರೆ, ಒಲೆಯ ಹತ್ತಿರ ಬರುವ ಉತ್ತರ ಬೇರೆ. ಹೆಸರು ಬರೆಯದೆ ವಯಸ್ಸು, ಊರಷ್ಟನ್ನೇ ದಾಖಲಿಸಿ. ಕೇಳಿದ್ದನ್ನು ಅಂದೇ ರಾತ್ರಿ ಬರೆದಿಡಿ, ಅವರ ಮಾತಿನಲ್ಲೇ.

ಏಳು: ಬರವಣಿಗೆ

ಹತ್ತು ಅಂಕದ ಉತ್ತರಕ್ಕೆ ನಾಲ್ಕು ಪ್ಯಾರಾ: ನೋವುಗಳು (ಯಾರದು ಎಂಬುದರ ಸಮೇತ), ಒತ್ತಡಗಳು, ಸಾಧನಗಳು, ಆಮೇಲೆ ಒಂದೇ ಚಳವಳಿಯನ್ನು ಹಿಡಿದು ಈ ಮೂರೂ ಹೇಗೆ ಕೂಡಿದವು ಎಂಬ ವಿವರಣೆ. ಕೊನೆಯ ಪ್ಯಾರಾಕ್ಕೆ ಹೆಚ್ಚು ಜಾಗ ಕೊಡಿ. ಪ್ರತಿ ಪ್ಯಾರಾದಲ್ಲಿ ಒಂದು ವರ್ಷ, ಒಂದು ಊರು, ಒಂದು ಹೆಸರು ಇರಲೇಬೇಕು. ಕಿರುಯೋಜನೆಯಾದರೆ ಅರ್ಧದಷ್ಟು ಪುಟಗಳನ್ನು ಐದು, ಆರನೆಯ ಹೆಜ್ಜೆಗೆ ಮೀಸಲಿಡಿ. ಬಂಗಾಳದ ಬಗ್ಗೆ ಎಲ್ಲರೂ ಬರೆಯುತ್ತಾರೆ, ನಿಮ್ಮ ಊರಿನ ಬಗ್ಗೆ ನೀವೇ ಬರೆಯಬೇಕು.

ಒಪ್ಪಿಸುವ ಮುನ್ನ ಈ ತಪ್ಪುಗಳಿಗಾಗಿ ಒಮ್ಮೆ ಕಣ್ಣಾಡಿಸಿ. ರಾಮಮೋಹನರು 1833ರಲ್ಲಿ ಬ್ರಿಸ್ಟಲ್‌ನಲ್ಲಿ ತೀರಿಕೊಂಡರು. 1856ರ ಕಾಯಿದೆಯನ್ನು ಅವರ ಲೆಕ್ಕಕ್ಕೆ ಬರೆಯಬೇಡಿ. ಪ್ರಾರ್ಥನಾ ಸಮಾಜವನ್ನು 1867ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದವರು ಆತ್ಮಾರಾಮ ಪಾಂಡುರಂಗ. ರಾನಡೆ, ಭಂಡಾರ್ಕರ್ ಆಮೇಲೆ ಸೇರಿ ಅದಕ್ಕೆ ಬಲ ತಂದರು. ಆರ್ಯಸಮಾಜ ಬೆಳೆದದ್ದು ಪಂಜಾಬಿನಲ್ಲಿ, ಹುಟ್ಟಿದ್ದು ಮುಂಬಯಿಯಲ್ಲಿ. ರಾಮಕೃಷ್ಣ ಪರಮಹಂಸರು 1886ರಲ್ಲೇ ತೀರಿಕೊಂಡಿದ್ದರು. 1897ರಲ್ಲಿ ಮಿಷನ್ ಸ್ಥಾಪಿಸಿದವರು ವಿವೇಕಾನಂದರು. 1891ರ ಸಮ್ಮತಿ ವಯಸ್ಸಿನ ಕಾಯಿದೆ ಮದುವೆಯ ವಯಸ್ಸನ್ನು ನಿಗದಿಪಡಿಸಲಿಲ್ಲ. ಸಮ್ಮತಿಯ ವಯಸ್ಸನ್ನು 10ರಿಂದ 12ಕ್ಕೆ ಏರಿಸಿತು. ಅದನ್ನು ತಿಲಕರು ವಿರೋಧಿಸಿದರು ಎಂಬುದನ್ನು ಏಳನೆಯ ಮನೆಯಲ್ಲಿ ಬರೆಯಲು ಹಿಂಜರಿಯಬೇಡಿ. ಪರಕೀಯ ಸರ್ಕಾರ ನಮ್ಮ ಮನೆಯೊಳಗೆ ಕೈಹಾಕಬಾರದು ಎಂಬ ಅವರ ವಾದವನ್ನೂ ಅದರ ಪಕ್ಕದಲ್ಲೇ ಬರೆಯಿರಿ.